ಕುದುರೆಗೂ ಒಂದು ರೇಡಿಯಂ ಅಂಗಿ

ತಂಗಿಯ ಮಗ ಕಾರು ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ. ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಸೀಮೆಯ ಹಳ್ಳಿದಾರಿ. ಒಂದು ಗಾಡಿ ಹೋದರೆ ಇನ್ನೊಂದಕ್ಕೆ ಜಾಗವಿಲ್ಲದಷ್ಟು ಕಿರಿದು. ಎರಡೂ ಕಡೆ ಆಳೆತ್ತರದ ಮಣ್ಣಿನ ಏರಿ, ಅದರ ಮೇಲೆ ಒತ್ತಾಗಿ ಬೆಳೆದ ಬೇಲಿಗಿಡ. ತಿರುವಿನಾಚೆ ಏನಿದೆ ಎಂಬುದು ದೇವರಿಗೇ ಗೊತ್ತು. ಅಂಥದೊಂದು ತಿರುವಿಗೆ ಸ್ವಲ್ಪ ಮುಂಚೆ, ಬೇಲಿಯ ನೆತ್ತಿಯ ಮೇಲೆ, ಎರಡು ಹಳದಿ ಚುಕ್ಕಿಗಳು ತೇಲಿಕೊಂಡು ಬರುತ್ತಿರುವುದು ಕಂಡಿತು. ಹುಡುಗ ತಕ್ಷಣ ಕಾರು ನಿಲ್ಲಿಸಿ, ಹಿಂದಕ್ಕೆ ತೆಗೆದು, ಹೊಲದ ಗೇಟಿನ ಮುಂದಿದ್ದ ಸಣ್ಣ ಜಾಗಕ್ಕೆ ಒತ್ತರಿಸಿದ.

"ಯಾಕೋ, ಏನಾಯ್ತು?"

"ಕುದುರೆ ಬರ್ತಾ ಇದೆ, ಮಾವ."

ಅರ್ಧ ನಿಮಿಷಕ್ಕೆ ಎರಡು ಕುದುರೆಗಳು ಟಕಟಕ ಹೆಜ್ಜೆ ಹಾಕುತ್ತ ಎದುರಾದವು. ಸವಾರರ ಮೈಮೇಲೆ ಕಣ್ಣು ಕುಕ್ಕುವ ಹಳದಿ ಜಾಕೆಟ್. ನಮ್ಮ ಮೆಟ್ರೋ ಕಾಮಗಾರಿಯವರು ಹೆಲ್ಮೆಟ್ಟಿನ ಸಮೇತ ಕುದುರೆ ಹತ್ತಿ ಬಂದರೇನೋ ಅನ್ನಿಸಿತು. ಕುದುರೆಗಳಿಗೂ ಎದೆಗೊಂದು ಹಳದಿ ಪಟ್ಟಿ, ನಾಲ್ಕೂ ಕಾಲಿಗೆ ಬಳೆಯಂಥ ಪಟ್ಟಿ, ಬಾಲಕ್ಕೂ ಒಂದು ಹೊದಿಕೆ. ಸವಾರರು ಕೈಯೆತ್ತಿ ಕೃತಜ್ಞತೆ ಹೇಳಿ ಮುಂದೆ ಹೋದರು. ರಾಜರ ಕಾಲದ ತೈಲಚಿತ್ರಗಳಲ್ಲಿ ಕುದುರೆ ಸವಾರಿ ನೋಡಿ ಬೆಳೆದ ನನ್ನ ಕಣ್ಣಿಗೆ ಈ ವೇಷ ತಮಾಷೆಯಾಗಿಯೇ ಕಂಡಿತು. ಆಮೇಲೆ ಹೊಳೆಯಿತು: ನಾವು ಕಾರು ನಿಲ್ಲಿಸಿದ್ದು ಕುದುರೆಯನ್ನು ನೋಡಿ ಅಲ್ಲ, ಆ ಚುಕ್ಕಿಗಳನ್ನು ನೋಡಿ. ಅವು ಸವಾರರ ಹೆಲ್ಮೆಟ್ಟಿಗೆ ಸುತ್ತಿದ್ದ ಹಳದಿ ಪಟ್ಟಿಗಳು. ಕುದುರೆ ಬೇಲಿಯ ಮರೆಯಲ್ಲಿತ್ತು.

ಬ್ರಿಟನ್ನಿನಲ್ಲಿ ಈ ವೇಷವನ್ನು ಹೈ-ವಿಸ್ ಎನ್ನುತ್ತಾರೆ. ಅಲ್ಲಿ ಕುದುರೆ ಸವಾರಿ ಶ್ರೀಮಂತರ ಶೋಕಿ ಮಾತ್ರವಲ್ಲ. ಹಳ್ಳಿಗಾಡಿನಲ್ಲಿ ಶಾಲೆಯ ಮಕ್ಕಳು, ದಾದಿಯರು, ನಿವೃತ್ತ ಮೇಷ್ಟರುಗಳು ಒಂದು ಕುದುರೆ ಸಾಕಿಕೊಂಡು ಸಂಜೆ ಒಂದು ಸುತ್ತು ಹೋಗಿಬರುವುದುಂಟು. ಹಾಗಾದರೆ ಹೊಲದಲ್ಲೋ ಕಾಡಿನಲ್ಲೋ ಓಡಿಸಿಕೊಳ್ಳಲಿ, ಡಾಂಬರು ರಸ್ತೆಗೇಕೆ ಬರಬೇಕು ಎಂದು ಕೇಳಬಹುದು. ಬೇರೆ ದಾರಿಯಿಲ್ಲ ಎಂಬುದೇ ಉತ್ತರ. ಇಂಗ್ಲೆಂಡಿನಲ್ಲಿ ಸಾರ್ವಜನಿಕರಿಗೆ ಓಡಾಡುವ ಹಕ್ಕಿರುವ ಕಾಲುದಾರಿಗಳ ದೊಡ್ಡ ಜಾಲವೇ ಇದೆ. ಆದರೆ ಅದರಲ್ಲಿ ಕುದುರೆಗೆ ಪ್ರವೇಶವಿರುವುದು ಸುಮಾರು 22 ಪ್ರತಿಶತಕ್ಕೆ ಮಾತ್ರ. ಬ್ರೈಡಲ್‌ವೇ ಎಂಬ ಹೆಸರಿನ ಈ ದಾರಿಗಳು ಹರಿದ ಜನಿವಾರದಂತೆ ತುಂಡು ತುಂಡು. ಒಂದು ತುಂಡಿನಿಂದ ಇನ್ನೊಂದಕ್ಕೆ ದಾಟಬೇಕಾದರೆ ನಡುವೆ ಒಂದೆರಡು ಮೈಲಿ ರಸ್ತೆಯಲ್ಲಿ ಹೋಗಲೇಬೇಕು. ಆ ರಸ್ತೆಗಳಲ್ಲಿ, ಬೇರೆ ಫಲಕವಿಲ್ಲದ ಕಡೆ, ಕಾರಿಗಿರುವ ವೇಗದ ಮಿತಿ ಗಂಟೆಗೆ 60 ಮೈಲಿ. ನಮ್ಮ ಲೆಕ್ಕದಲ್ಲಿ 97 ಕಿಲೋಮೀಟರ್.

ಈ 60 ಮೈಲಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆ ವೇಗದ ಕಾರು ಒಂದು ಸೆಕೆಂಡಿಗೆ 27 ಮೀಟರ್ ಸಾಗುತ್ತದೆ. ಬ್ರೇಕ್ ಒತ್ತಬೇಕು ಎಂದು ತಲೆಗೆ ಹೊಳೆದು, ಕಾಲು ಒತ್ತಿ, ಗಾಡಿ ನಿಲ್ಲುವುದಕ್ಕೆ ಒಟ್ಟು 73 ಮೀಟರ್ ಬೇಕು ಎನ್ನುತ್ತದೆ ಬ್ರಿಟನ್ನಿನ ಸಂಚಾರ ನಿಯಮಗಳ ಪುಸ್ತಕ ಹೈವೇ ಕೋಡ್. ಅದೂ ರಸ್ತೆ ಒಣಗಿದ್ದಾಗ. ಇಂಗ್ಲೆಂಡಿನಲ್ಲಿ ಒಣ ರಸ್ತೆ ಸಿಗುವುದು ಅದೃಷ್ಟ. ಹೆಜ್ಜೆ ಹಾಕುವ ಕುದುರೆಯ ವೇಗ ಗಂಟೆಗೆ ಆರೇಳು ಕಿಲೋಮೀಟರ್, ಅಂದರೆ ಕಾರಿನ ಲೆಕ್ಕದಲ್ಲಿ ಅದು ನಿಂತಂತೆಯೇ. ಚಾಲಕನಿಗೆ ಕುದುರೆ 150 ಮೀಟರ್ ದೂರದಲ್ಲೇ ಕಂಡರೆ ಐದು ಸೆಕೆಂಡಿಗೂ ಹೆಚ್ಚು ವೇಳೆ ಸಿಗುತ್ತದೆ, ಆರಾಮಾಗಿ ನಿಧಾನಿಸಬಹುದು. 60 ಮೀಟರಿನಲ್ಲಿ ಕಂಡರೆ? ಲೆಕ್ಕ ಮುಗಿದೇ ಹೋಯಿತು. ಹೈ-ವಿಸ್ ಅಂಗಿ ಮಾರುವುದು ಈ ನಡುವಿನ ಸೆಕೆಂಡುಗಳನ್ನೇ. ಅಪಘಾತವಾದಾಗ ಅದು ಎದೆಗವಚದಂತೆ ಕಾಪಾಡುವುದಿಲ್ಲ, ಕೆಲಸವೇನಿದ್ದರೂ ಅಪಘಾತಕ್ಕೆ ಮುಂಚೆ.

ಈ ಹೊಳೆಯುವ ವಸ್ತುವಿಗೆ ನಮ್ಮಲ್ಲಿ ಒಂದು ಸೊಗಸಾದ ಹೆಸರಿದೆ: ರೇಡಿಯಂ. ಲಾರಿಯ ಹಿಂದೆ ಅಂಟಿಸುವುದು ರೇಡಿಯಂ ಸ್ಟಿಕ್ಕರ್, ಬೈಕಿನ ನಂಬರ್ ಬರೆಸುವುದು ರೇಡಿಯಂ ಅಂಗಡಿಯಲ್ಲಿ. ಒಂದು ಕಾಲದಲ್ಲಿ ಗಡಿಯಾರದ ಮುಳ್ಳುಗಳಿಗೆ ನಿಜವಾದ ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು, ಅವು ಕತ್ತಲಲ್ಲಿ ತಾವಾಗಿ ಮಿನುಗುತ್ತಿದ್ದವು. ಇಂದಿನ ಸ್ಟಿಕ್ಕರಿನಲ್ಲಿ ರೇಡಿಯಮ್ಮಿನ ಕಣವೂ ಇಲ್ಲ, ಅದು ತಾನಾಗಿ ಬೆಳಗುವುದೂ ಇಲ್ಲ. ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿದುಕೊಂಡಿದೆ. ತಪ್ಪು ಹೆಸರಿನಿಂದ ತೊಂದರೆಯೇನೂ ಇಲ್ಲ. ತಪ್ಪು ನಂಬಿಕೆಯಿಂದ ಇದೆ. ಹಳದಿ ಜಾಕೆಟ್ ಹಾಕಿಕೊಂಡರೆ ಹಗಲೂ ರಾತ್ರಿ ಒಂದೇ ರೀತಿ ಕಾಣುತ್ತೇವೆ ಅಂದುಕೊಳ್ಳುವವರು ಇಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ. ವಾಸ್ತವದಲ್ಲಿ ಆ ಜಾಕೆಟ್ಟಿನಲ್ಲಿ ಎರಡು ಬೇರೆ ಬೇರೆ ವಿದ್ಯೆಗಳಿವೆ. ಒಂದು ಹಗಲಿನದು, ಇನ್ನೊಂದು ಇರುಳಿನದು. ಒಂದು ದುಡಿಯುವಾಗ ಇನ್ನೊಂದು ನಿದ್ದೆ ಹೋಗಿರುತ್ತದೆ.

ಹಗಲಿನ ವಿದ್ಯೆ ಆ ಹಳದಿ ಬಟ್ಟೆಯದು. ಸೂರ್ಯನ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳೂ ಇರುತ್ತವೆ. ಮಾಮೂಲಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದು ಭಾಗವನ್ನು ವಾಪಸು ಕೊಡುತ್ತದೆ, ಅಷ್ಟೆ. ಫ್ಲೋರೆಸೆಂಟ್ ಬಣ್ಣ ಕಾಣದ ಕಿರಣವನ್ನೂ ನುಂಗಿ, ಅದನ್ನು ಕಾಣುವ ಹಳದಿ-ಹಸಿರಾಗಿ ಉಗುಳುತ್ತದೆ. ಕೊಟ್ಟದ್ದಕ್ಕಿಂತ ಹೆಚ್ಚು ಹಿಂದಿರುಗಿಸಿದಂತೆ ಕಣ್ಣಿಗೆ ಭ್ರಮೆ. ಮೋಡ ಕವಿದ ದಿನ, ನಸುಕು, ಮುಸ್ಸಂಜೆಗಳಲ್ಲಿ ಉಳಿದ ಬಣ್ಣಗಳೆಲ್ಲ ಮಂಕಾದಾಗ ಇದೊಂದೇ ಎದ್ದು ಕಾಣುವುದು ಅದಕ್ಕೇ. ಮನುಷ್ಯನ ಕಣ್ಣು ಹಗಲಲ್ಲಿ ಅತಿ ಚುರುಕಾಗಿ ಹಿಡಿಯುವ ಬಣ್ಣವೂ ಹೆಚ್ಚುಕಡಿಮೆ ಈ ಹಳದಿ-ಹಸಿರೇ. ಆದರೆ ಕಾರಿನ ಹೆಡ್‌ಲೈಟಿನಲ್ಲಿ ನೇರಳಾತೀತ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ರಾತ್ರಿಯಾದರೆ ಆ ಬಟ್ಟೆ ಬರೀ ಒಂದು ಹಳದಿ ಬಟ್ಟೆ.

ಈ ಬಣ್ಣದ ಹುಟ್ಟಿನಲ್ಲಿ ಒಂದು ಅಪಘಾತವಿದೆ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಬಾಬ್ ಸ್ವಿಟ್ಜರ್ ಎಂಬ ತರುಣ ಕೆಲಸದ ಜಾಗದಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ದೃಷ್ಟಿಗೂ ತೊಂದರೆಯಾಗಿ, ಚೇತರಿಸಿಕೊಳ್ಳಲು ಕತ್ತಲ ಕೋಣೆಯಲ್ಲಿ ಇರಬೇಕಾಯಿತು. ಆ ಕತ್ತಲಲ್ಲೇ ಅವನೂ ತಮ್ಮ ಜೋ ಕೂಡಿ ನೇರಳಾತೀತ ದೀಪದ ಕೆಳಗೆ ಹೊಳೆಯುವ ವಸ್ತುಗಳ ಬೆನ್ನು ಹತ್ತಿದರು. ಕೊನೆಗೆ ಹಗಲಲ್ಲೂ ಹೊಳೆಯುವ ಬಣ್ಣ ಕಂಡುಹಿಡಿದು ಡೇ-ಗ್ಲೋ ಎಂಬ ಹೆಸರಿನಲ್ಲಿ ಮಾರಿದರು. ಬ್ರಿಟನ್ನಿನಲ್ಲಿ ಅದು ಕೆಲಸಗಾರರ ಮೈಗೆ ಬಂದದ್ದು 1964ರಲ್ಲಿ. ಗ್ಲಾಸ್ಗೋದಲ್ಲಿ ವಿದ್ಯುತ್ ರೈಲು ಓಡುವ ಹಳಿಗಳ ಮೇಲೆ ದುಡಿಯುವವರಿಗೆ ರೈಲ್ವೆಯವರು ಪ್ರಯೋಗಕ್ಕೆಂದು ಕಿತ್ತಳೆ ಜಾಕೆಟ್ ಕೊಟ್ಟರು. ಜನ ಅವಕ್ಕೆ ಮಿಂಚುಹುಳ ಎಂದು ಹೆಸರಿಟ್ಟರು. ರೈಲಿನಿಂದ ರಸ್ತೆಗೆ, ರಸ್ತೆಯಿಂದ ಕುದುರೆಯ ಬೆನ್ನಿಗೆ ಅದು ಬಂದ ದಾರಿ ಹೀಗೆ.

ಇರುಳಿನ ವಿದ್ಯೆ ಜಾಕೆಟ್ಟಿನ ಮೇಲಿನ ಬೂದು ಪಟ್ಟಿಯದು. ಹಗಲಲ್ಲಿ ಅದರಷ್ಟು ಸಪ್ಪೆ ವಸ್ತು ಇನ್ನೊಂದಿಲ್ಲ. ಅದರೊಳಗೆ ಮರಳಿಗಿಂತ ಸಣ್ಣ ಗಾಜಿನ ಮಣಿಗಳೋ ಪುಟ್ಟ ಪಟ್ಟಕಗಳೋ ಸಾವಿರಗಟ್ಟಲೆ ಇರುತ್ತವೆ. ಕನ್ನಡಿಯಾದರೆ ಬೆಳಕನ್ನು ಬೇರೆ ದಿಕ್ಕಿಗೆ ಎಸೆಯುತ್ತದೆ. ಈ ಮಣಿಗಳು ಬಂದ ದಾರಿಗೇ ವಾಪಸು ಕಳಿಸುತ್ತವೆ. ಹೆಡ್‌ಲೈಟಿನ ಬೆಳಕು ಹೋಗಿ ತಟ್ಟಿ, ಆ ಕಾರಿನೊಳಗೆ ಕೂತವನ ಕಣ್ಣಿಗೇ ಮರಳುತ್ತದೆ. ಕತ್ತಲಲ್ಲಿ ಟಾರ್ಚು ಬಿಟ್ಟಾಗ ಹಟ್ಟಿಯ ದನದ ಕಣ್ಣು, ಜಗಲಿಯ ಬೆಕ್ಕಿನ ಕಣ್ಣು ಫಕ್ಕನೆ ಹೊಳೆಯುವುದು ಹೆಚ್ಚುಕಡಿಮೆ ಇದೇ ತತ್ತ್ವದಿಂದ. ಯಾರ್ಕ್‌ಶೈರಿನ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಮಾಡಿಸಿದ, ರಸ್ತೆಯ ನಡುಗೆರೆಯಲ್ಲಿ ಹೂಳುವ ಹೊಳೆಯುವ ಗುಂಡಿಗಳಿಗೆ ಇಂದಿಗೂ ಬೆಕ್ಕಿನ ಕಣ್ಣು ಎಂದೇ ಹೆಸರು. ಹೆಡ್‌ಲೈಟು ಬೀಳದಿದ್ದರೆ ಪಟ್ಟಿಗೆ ಹೊಳಪಿಲ್ಲ. ತಿರುವಿನ ಆಚೆ ಇರುವ ಸವಾರನನ್ನು ಅದು ತೋರಿಸಲಾರದು. ಕೆಸರು ಮೆತ್ತಿದರಂತೂ ಪಟ್ಟಿ ಇದ್ದೂ ಇಲ್ಲ. ಕುದುರೆ ಇದ್ದಲ್ಲಿ ಕೆಸರಿಗೇನು ಬರ?

ಪಟ್ಟಿಯನ್ನು ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆ ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಂಡಿತು. ಬೇಲಿಯ ಮೇಲೆ ಮೊದಲು ಕಾಣುವುದು ತಲೆಯಾದ್ದರಿಂದ ಹೆಲ್ಮೆಟ್ಟಿಗೊಂದು. ಹಿಂದಿನಿಂದ ಬರುವವರಿಗೆ ಕುದುರೆಯ ಸೊಂಟದ ಮೇಲಿನ ಹೊದಿಕೆ, ಬಾಲದ ಪಟ್ಟಿ. ಎಲ್ಲಕ್ಕಿಂತ ಮುಖ್ಯವಾದದ್ದು ಕಾಲಿನ ಪಟ್ಟಿ. ರಾತ್ರಿ ಅನಿವಾರ್ಯವಾಗಿ ಹೋಗಲೇಬೇಕಾದರೆ ಗೊರಸಿನ ಮೇಲಿನ ಕೀಲಿಗಿಂತ ತುಸು ಎತ್ತರದಲ್ಲಿ ಹೊಳೆಯುವ ಪಟ್ಟಿ ಕಟ್ಟಿ ಎಂದು ಹೈವೇ ಕೋಡ್ ಜಾಗದ ಸಮೇತ ಹೇಳುತ್ತದೆ. ಡಿಮ್ ಮಾಡಿದ ಹೆಡ್‌ಲೈಟಿನ ಬೆಳಕು ಮೊದಲು ಬೀಳುವುದು ನೆಲಮಟ್ಟದಲ್ಲಿ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಮಿದುಳಿನೊಳಗಿದೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಜೊಹಾನ್ಸನ್ 1973ರಲ್ಲಿ ಒಂದು ಚೆಂದದ ಪ್ರಯೋಗ ಪ್ರಕಟಿಸಿದರು. ಕತ್ತಲಲ್ಲಿ ನಡೆಯುವ ಮನುಷ್ಯನ ಕೀಲುಗಳಲ್ಲಿ ಮಾತ್ರ ಬೆಳಕಿನ ಚುಕ್ಕಿ ಕಾಣುವಂತೆ ಮಾಡಿ ಚಿತ್ರಿಸಿದರು. ಚುಕ್ಕಿಗಳು ನಿಂತಿದ್ದಾಗ ನೋಡುವವರಿಗೆ ಏನೂ ಅರ್ಥವಾಗುವುದಿಲ್ಲ. ಚಲಿಸಿದ್ದೇ ತಡ, ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಇದು ನಡೆಯುತ್ತಿರುವ ಮನುಷ್ಯ ಎಂದು ಗೊತ್ತಾಗುತ್ತದೆ. ಜೀವಿಯ ನಡಿಗೆಯನ್ನು ಗುರುತಿಸುವುದರಲ್ಲಿ ನಮ್ಮ ಕಣ್ಣು ಅಷ್ಟು ಪಳಗಿದೆ. ಎದೆಯ ಮೇಲಿನ ಒಂದು ಅಚಲ ಹೊಳಪು ಫಲಕವೋ ಗೂಟವೋ ಇದ್ದೀತು. ಒಂದಾದ ಮೇಲೊಂದು ಏಳುವ ನಾಲ್ಕು ಬಳೆಗಳು ಮಾತ್ರ ಕುದುರೆಯೇ.

ಬಣ್ಣದ ವಿಷಯದಲ್ಲೂ ತಕರಾರುಗಳಿವೆ. ಮರಗಳ ಚಪ್ಪರದ ಕೆಳಗಿನ ದಾರಿಯಲ್ಲಿ ಬಿಸಿಲು-ನೆರಳಿನ ಚಿತ್ತಾರವಿರುತ್ತದಲ್ಲ, ಅದರಲ್ಲಿ ಕಂದು ಕುದುರೆ ಮಾಯವಾಗುವಷ್ಟು ಚೆನ್ನಾಗಿ ಚಿರತೆಯೂ ಮಾಯವಾಗಲಾರದು. ಪ್ರಖರ ಬಿಸಿಲಿನ ದಿನ ಹೈ-ವಿಸ್ ಯಾಕೆ ಎನ್ನುವವರಿಗೆ ಇದೇ ಉತ್ತರ. ಇನ್ನು ವಸಂತದಲ್ಲಿ ಇಂಗ್ಲೆಂಡಿನ ಹೊಲಗಳು ಸಾಸಿವೆ ಜಾತಿಯ ಎಣ್ಣೆಬೀಜದ ಹೂವಿನಿಂದ ಹಳದಿಯೋ ಹಳದಿ. ಆ ಹಿನ್ನೆಲೆಗೆ ಹಳದಿ ಜಾಕೆಟ್ ಹಾಕಿ ನಿಂತರೆ ಏನು ಬಂತು? ಹಾಗಾಗಿ ಗುಲಾಬಿ, ಕಿತ್ತಳೆ ಜಾಕೆಟ್‌ಗಳನ್ನೂ ಕೊಳ್ಳುತ್ತಾರೆ. ಈ ಬಣ್ಣಗಳೆಲ್ಲ ಮನುಷ್ಯರಿಗಾಗಿ ಎಂಬುದನ್ನೂ ಹೇಳಬೇಕು. ಕುದುರೆಯ ಕಣ್ಣಿಗೆ ಕೆಂಪು-ಹಸಿರಿನ ಭೇದ ತಿಳಿಯದು, ನೀಲಿ-ಹಳದಿ ತಿಳಿಯುತ್ತದೆ. ಬ್ರಿಟನ್ನಿನ ರೇಸ್ ಮೈದಾನಗಳಲ್ಲಿ ಕುದುರೆ ಹಾರಬೇಕಾದ ಅಡ್ಡಗಟ್ಟೆಗಳಿಗೆ ಬಹುಕಾಲ ಕಿತ್ತಳೆ ಬಳಿದಿದ್ದರು. ಅದು ಜಾಕಿಗೆ ಕಾಣುತ್ತಿತ್ತು, ಹಾರಬೇಕಾದವನಿಗೆ ಹುಲ್ಲಿನ ಬಣ್ಣದಲ್ಲೇ ಬೆರೆತುಹೋಗುತ್ತಿತ್ತು. ಎಕ್ಸಿಟರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ ತೋರಿಸಿದ ಮೇಲೆ ಅಲ್ಲಿಗೆ ಬಿಳಿ ಬಂತು. ಕುದುರೆಗೆ ಜಾಕೆಟ್ಟಿನ ಬಣ್ಣಕ್ಕಿಂತ ಅದರ ಸದ್ದಿನ ಚಿಂತೆ ಹೆಚ್ಚು. ಗಾಳಿಗೆ ಪಟಪಟ ಬಡಿಯುವ ಹೊಸ ಬಟ್ಟೆ ಕಂಡರೆ ಬೆದರುತ್ತದೆ. ಮೊದಲು ಲಾಯದಲ್ಲೇ ತೊಡಿಸಿ ರೂಢಿ ಮಾಡಿಸದೆ ರಸ್ತೆಗೆ ತರುವಂತಿಲ್ಲ.

ಸವಾರನೇ ಇಲ್ಲದ ಕುದುರೆಗಳ ಕತೆಯೂ ಒಂದಿದೆ. ದಕ್ಷಿಣ ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಎಂಬಲ್ಲಿ ಶತಮಾನಗಳ ಹಕ್ಕಿನ ಪ್ರಕಾರ ಊರವರ ಸಾವಿರಾರು ತಟ್ಟುಗಳು ಬಯಲಲ್ಲಿ ಬಿಟ್ಟಂತೆ ಮೇಯುತ್ತವೆ, ರಾತ್ರಿ ರಸ್ತೆಯ ಮೇಲೂ ನಿಲ್ಲುತ್ತವೆ. ಅವುಗಳಲ್ಲಿ ಅನೇಕವುಗಳ ಕೊರಳಿಗೆ ಹೊಳೆಯುವ ಪಟ್ಟಿ ಕಟ್ಟಿದ್ದಾರೆ. ಅಲ್ಲಿ ಬೇಲಿಯಿಲ್ಲದ ರಸ್ತೆಗಳ ವೇಗಮಿತಿಯೂ 40 ಮೈಲಿಗೆ ಇಳಿದಿದೆ. ಆದರೂ ಪ್ರತಿ ವರ್ಷ ಕಾರಿಗೆ ಸಿಕ್ಕಿ ತಟ್ಟುಗಳು ಸಾಯುತ್ತಲೇ ಇವೆ.

ಹಾಗಾದರೆ ಇದರಿಂದ ಪ್ರಯೋಜನ ಉಂಟೋ? ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮೋಟಾರ್‌ಬೈಕ್ ಸವಾರರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೊಳೆಯುವ ಉಡುಪು ತೊಟ್ಟವರಿಗೆ ಅಪಘಾತದಲ್ಲಿ ಗಾಯವಾಗುವ ಸಂಭವ 37 ಪ್ರತಿಶತ ಕಡಿಮೆ ಕಂಡಿತು. ಡೆನ್ಮಾರ್ಕಿನಲ್ಲಿ ಸುಮಾರು 6,800 ಸೈಕಲ್ ಸವಾರರಲ್ಲಿ ಅರ್ಧ ಜನಕ್ಕೆ ಹಳದಿ ಜಾಕೆಟ್ ಕೊಟ್ಟು ಒಂದು ವರ್ಷ ಗಮನಿಸಿದಾಗ, ಜಾಕೆಟ್ ಪಡೆದವರಲ್ಲಿ ಗಾಯದ ಅಪಘಾತಗಳು 47 ಪ್ರತಿಶತ ಕಡಿಮೆಯಿದ್ದವು. ಸೈಕಲ್ಲಿನ ಲೆಕ್ಕವನ್ನು ಕುದುರೆಗೆ ಹಾಗೇ ಹಚ್ಚುವಂತಿಲ್ಲ, ಕಾಣುವ ಕಣ್ಣು ಮಾತ್ರ ಎರಡು ಕಡೆಯೂ ಅದೇ.

ಕಾಣಿಸಿದ ಮೇಲೆ ಏನು ಎಂಬುದು ಬೇರೆ ಮಾತು. ಬಾತ್ ವಿಶ್ವವಿದ್ಯಾಲಯದ ಇಯಾನ್ ವಾಕರ್ ಮತ್ತು ಸಂಗಡಿಗರು ಸೈಕಲ್ಲಿಗೆ ದೂರ ಅಳೆಯುವ ಉಪಕರಣ ಕಟ್ಟಿ, ಸವಾರನಿಗೆ ಏಳು ಬಗೆಯ ವೇಷ ಹಾಕಿಸಿ, ಹಿಂದಿನಿಂದ ಬಂದ ಕಾರುಗಳು ಎಷ್ಟು ಅಂತರ ಬಿಟ್ಟು ದಾಟುತ್ತವೆ ಎಂದು ಅಳೆದರು. ಹೈ-ವಿಸ್ ತೊಟ್ಟರೂ ಅಷ್ಟೇ, ತೊಡದಿದ್ದರೂ ಅಷ್ಟೇ, ಸರಾಸರಿ 117 ಸೆಂಟಿಮೀಟರಿನ ಆಸುಪಾಸು. ಪೊಲೀಸ್ ಎಂದು ಬರೆದು, ವಿಡಿಯೊ ಚಿತ್ರೀಕರಣ ನಡೆದಿದೆ ಎಂದೂ ಸೇರಿಸಿದ್ದ ಅಂಗಿಗೆ ಮಾತ್ರ 122 ಸೆಂಟಿಮೀಟರಿನ ಮರ್ಯಾದೆ ಸಿಕ್ಕಿತು. ಇದರಲ್ಲೊಂದು ವಿನೋದವೂ ಇದೆ. ಬ್ರಿಟನ್ನಿನ ಕುದುರೆ ಸವಾರರಲ್ಲಿ ಕೆಲವರು ಪೊಲೀಸ್ ಅಂಗಿಯ ಹಾಗೆಯೇ ಕಾಣುವ ಜಾಕೆಟ್ಟಿನ ಬೆನ್ನ ಮೇಲೆ 'ಪೊಲೈಟ್' ಎಂದು ದಪ್ಪಕ್ಷರದಲ್ಲಿ ಬರೆಸಿಕೊಂಡು ಓಡಾಡುತ್ತಾರೆ. ಪೊಲೈಟ್ ಅಂದರೆ ವಿನಯ. ದೂರದಿಂದ ನೋಡಿದವನಿಗೆ ಪೊಲೀಸ್ ಎಂದು ಕಂಡರೆ ಅದು ಅವನ ಕಣ್ಣಿನ ತಪ್ಪು! ಪೊಲೀಸರ ವೇಷ ಹಾಕುವುದು ಅಪರಾಧ, ವಿನಯವಂತರ ವೇಷ ಹಾಕುವುದು ಅಲ್ಲ. ವಾಕರ್ ಅವರ ಏಳು ವೇಷಗಳಲ್ಲಿ ಈ ಪೊಲೈಟ್ ಅಂಗಿಯೂ ಇತ್ತು. ಅದಕ್ಕೆ ಒಂದಿಂಚಿನ ಹೆಚ್ಚಿನ ಮರ್ಯಾದೆಯೂ ಸಿಗಲಿಲ್ಲ.

ಕುದುರೆಯ ವಿಷಯದಲ್ಲಿ ಈ ಅಂತರವೇ ಪ್ರಾಣ. ಅರ್ಧ ಟನ್ ತೂಗುವ ಈ ಪ್ರಾಣಿ ಹುಟ್ಟಾ ಓಡಿ ಬದುಕುವ ಜಾತಿ. ಕಣ್ಣುಗಳು ಮುಖದ ಎರಡು ಪಕ್ಕಗಳಲ್ಲಿರುವುದರಿಂದ ಬಹುತೇಕ ಸುತ್ತಲೂ ಕಾಣುತ್ತದೆ, ಆದರೆ ನೇರ ಬೆನ್ನ ಹಿಂದೆ ಕಾಣದು. ಆ ಕುರುಡು ಜಾಗದಿಂದ ಕಾರೊಂದು ಭರ್ರನೆ ಪಕ್ಕಕ್ಕೆ ನುಗ್ಗಿದರೆ ಅದು ಯೋಚಿಸುವುದಿಲ್ಲ, ಎಗರುತ್ತದೆ. ಎಗರುವುದು ಕಾರಿನ ಕಡೆಗೂ ಇರಬಹುದು. ಬ್ರಿಟಿಷ್ ಹಾರ್ಸ್ ಸೊಸೈಟಿಗೆ 2022ರ ಒಂದೇ ವರ್ಷದಲ್ಲಿ ಇಂಥ 3,500ಕ್ಕೂ ಹೆಚ್ಚು ರಸ್ತೆ ಘಟನೆಗಳ ವರದಿ ಬಂತು, 60ಕ್ಕೂ ಹೆಚ್ಚು ಕುದುರೆಗಳು ಸತ್ತವು. ದೂರುಗಳಲ್ಲಿ ಬಹುಪಾಲು ತೀರ ಹತ್ತಿರದಿಂದ ದಾಟಿದ ವಾಹನಗಳದ್ದು. ಹತ್ತಿರದಿಂದ ದಾಟಿದವನಿಗೆ ಕುದುರೆ ಕಾಣಿಸಲಿಲ್ಲ ಎಂದೇನೂ ಅಲ್ಲ. ಕಂಡಿರುತ್ತದೆ, ಪುರುಸೊತ್ತಿರುವುದಿಲ್ಲ.

ಆದ್ದರಿಂದಲೇ 2022ರ ಜನವರಿ 29ರಿಂದ ಹೈವೇ ಕೋಡ್ ಚಾಲಕನಿಗೆ ಅಂಕಿಗಳಲ್ಲೇ ಹೇಳತೊಡಗಿತು: ಕುದುರೆಯನ್ನು ದಾಟುವಾಗ ವೇಗ ಗಂಟೆಗೆ 10 ಮೈಲಿ ಮೀರಬಾರದು, ಕನಿಷ್ಠ ಎರಡು ಮೀಟರ್ ಅಂತರ ಬಿಡಬೇಕು. ಹೆಚ್ಚು ಹಾನಿ ಮಾಡಬಲ್ಲವನ ಮೇಲೆ ಹೆಚ್ಚು ಹೊಣೆ ಎಂಬ ಮಾತನ್ನೂ ಅದೇ ಪರಿಷ್ಕರಣೆಯಲ್ಲಿ ಸೇರಿಸಿದರು. ಸವಾರ ಹೈ-ವಿಸ್ ತೊಡುವುದು ಅಲ್ಲಿ ಇಂದಿಗೂ ಸಲಹೆ ಮಾತ್ರ, ತೊಡದಿದ್ದರೆ ದಂಡವಿಲ್ಲ. ಹದಿನಾಲ್ಕರೊಳಗಿನ ಮಕ್ಕಳಿಗೆ ಹೆಲ್ಮೆಟ್ ಮಾತ್ರ 1990ರ ಕಾಯ್ದೆಯ ಪ್ರಕಾರ ಕಡ್ಡಾಯ. ಪೇಟ ಸುತ್ತಿದ ಸಿಖ್ ಮಕ್ಕಳಿಗೆ ಅದರಿಂದಲೂ ವಿನಾಯಿತಿ. ಹೈ-ವಿಸ್ಸನ್ನೂ ಕಡ್ಡಾಯ ಮಾಡಿ ಎಂಬ ಕೂಗು ಆಗಾಗ ಏಳುತ್ತದೆ. ನನಗದು ಒಪ್ಪಿಗೆಯಿಲ್ಲ. ಕಡ್ಡಾಯವಾದ ಮರುದಿನದಿಂದ ಪ್ರತಿ ಅಪಘಾತದಲ್ಲೂ ಮೊದಲ ಪ್ರಶ್ನೆ ಕಾರಿನ ವೇಗವೆಷ್ಟು ಎಂದಾಗಿರುವುದಿಲ್ಲ, ಸವಾರಳು ಯಾವ ಬಣ್ಣ ತೊಟ್ಟಿದ್ದಳು ಎಂದಾಗಿರುತ್ತದೆ. ಆದರೆ ನನ್ನ ಮನೆಯ ಮಗು ಆ ದಾರಿಯಲ್ಲಿ ಕುದುರೆ ಹತ್ತುವುದಾದರೆ, ಜಾಕೆಟ್ಟು, ಪಟ್ಟಿ ಎಲ್ಲ ಹಾಕದೆ ಲಾಯದ ಬಾಗಿಲು ದಾಟಲು ಬಿಡುವವನಲ್ಲ.

ನಮ್ಮಲ್ಲಿ ಕುದುರೆಗಳೇ ಅಪರೂಪವಾದವು. ಮೈಸೂರಿನ ಟಾಂಗಾಗಳು, ದಸರೆಯ ತಾಲೀಮಿಗೆ ಬೀದಿಗಿಳಿಯುವ ಪೊಲೀಸ್ ಅಶ್ವದಳ, ಕುರಿಹಿಂಡಿನ ಜೊತೆ ಗಂಟುಮೂಟೆ ಹೊತ್ತು ನಡೆಯುವ ಸಂಚಾರಿ ಕುರುಬರ ತಟ್ಟುಗಳು, ಇಷ್ಟೇ. ಆದರೆ ಕತ್ತಲ ರಸ್ತೆಯಲ್ಲಿ ಕಾಣದಿರುವ ಸಂಕಟಕ್ಕೆ ಕುದುರೆಯೇ ಬೇಕೆಂದಿಲ್ಲ. ಕಬ್ಬು ಕಟಾವಿನ ತಿಂಗಳುಗಳಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಡೆ ರಾತ್ರಿ ಪ್ರಯಾಣ ಮಾಡಿದವರಿಗೆ ಗೊತ್ತು. ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರೂ ಎತ್ತಿನ ಗಾಡಿಯೂ ಮೂಗಿನ ತುದಿಗೆ ಬರುವವರೆಗೆ ಕಾಣುವುದಿಲ್ಲ. ಪೊಲೀಸರೂ ಸಕ್ಕರೆ ಕಾರ್ಖಾನೆಯವರೂ ಹಂಗಾಮಿನಲ್ಲಿ ರೇಡಿಯಂ ಪಟ್ಟಿ ಅಂಟಿಸಿಕೊಡುತ್ತಾರೆ. ಎತ್ತಿನ ಕಾಲಿಗೂ ಒಂದು ಸುತ್ತು ಕಟ್ಟಬಹುದು, ಕುರಿಗಾಹಿಯ ಕಂಬಳಿಗೂ ಒಂದು ಹೊಲಿಯಬಹುದು. ಖರ್ಚು ಹೆಚ್ಚೇನೂ ಬರುವುದಿಲ್ಲ.

ಮಗನೋ ಮಗಳೋ ಕೆಲಸಕ್ಕೆಂದು ಬ್ರಿಟನ್ನಿಗೆ ಹೊರಟಿರುವ ಮನೆಗಳು ಈಗ ನಮ್ಮಲ್ಲಿ ಬೇಕಾದಷ್ಟಿವೆ. ಭಾರತದ ಲೈಸೆನ್ಸಿನಲ್ಲೇ ಅವರು ಅಲ್ಲಿ 12 ತಿಂಗಳು ಕಾರು ಓಡಿಸಬಹುದು. ಹೊಸ ಪರೀಕ್ಷೆಯಿಲ್ಲ, ಅಂದರೆ ಕುದುರೆಯ ನಿಯಮವನ್ನು ಯಾರೂ ಹೇಳಿಕೊಡುವುದಿಲ್ಲ. ಇಲ್ಲಿ ಮುಂದಿರುವವರಿಗೆ ಹಾರ್ನ್ ಮಾಡುವುದು ಸೌಜನ್ಯ, ಲಾರಿಗಳೇ ಬೆನ್ನ ಮೇಲೆ ಬರೆಸಿಕೊಂಡು ಕೇಳುತ್ತವೆ. ಅಲ್ಲಿ ಕುದುರೆಯ ಹಿಂದೆ ಹಾರ್ನ್ ಒತ್ತಬಾರದು, ಎಂಜಿನ್ ಗುರುಗುಟ್ಟಿಸಬಾರದು. ಇಬ್ಬರು ಸವಾರರು ಅಕ್ಕಪಕ್ಕ ಹೋಗುತ್ತಿದ್ದರೆ ಸಿಡುಕಬೇಡಿ, ಅದಕ್ಕೆ ಅನುಮತಿಯಿದೆ. ಒಳಗಡೆಯ ಕುದುರೆ ರಸ್ತೆಗೆ ಹೊಸದಿರಬಹುದು, ಅಥವಾ ಅದರ ಮೇಲೆ ಮಗುವಿರಬಹುದು. ಸವಾರ ಕೈ ತೋರಿಸಿದರೆ ನಿಲ್ಲಿಸಿ. ದೂರದಲ್ಲಿ ಹಳದಿ ಚುಕ್ಕಿ ಕಂಡಕೂಡಲೇ ಬ್ರೇಕಿನ ಮೇಲೆ ಕಾಲಿಡಲು ಹೇಳಿ ಕಳಿಸಿ. 10 ಮೈಲಿ ಅಂದರೆ 16 ಕಿಲೋಮೀಟರ್, ನಮ್ಮೂರಿನ ಸೈಕಲ್ಲಿನ ವೇಗ.